ಪೇಟೆ ಬೀದಿಯ ಹಳೇ ಕಟ್ಟಡದ ರಿಪೇರಿ: ಕೆಳಗೆ ಅಂಗಡಿ, ಮೇಲೆ ಅತಿಥಿ ಕೋಣೆ

ಮೈಸೂರಿನ ಸಂತೆಪೇಟೆ, ಶಿವರಾಂಪೇಟೆ, ಅಶೋಕ ರಸ್ತೆಯಂಥ ಕಡೆ ಹಳೇ ಮಹಡಿ ಕಟ್ಟಡ ಇರುವ ಅನೇಕರು ಈಗ ಒಂದೇ ಯೋಚನೆ ಮಾಡುತ್ತಿದ್ದಾರೆ. ಕೆಳಗೆ ಮೂರು ನಾಲ್ಕು ಅಂಗಡಿ, ಮೇಲೆ ಪ್ರವಾಸಿಗರಿಗೆ ಕೋಣೆ. ಯೋಚನೆ ಚೆನ್ನಾಗಿಯೇ ಇದೆ. ಆದರೆ ಕೆಲಸ ಕೆಡುವ ರೀತಿಯೂ ಎಲ್ಲ ಕಡೆ ಒಂದೇ. ಬೇಸಿಗೆಯೆಲ್ಲ ಮಾತುಕತೆ, ಜೂನ್‌ನಲ್ಲಿ ಕೆಲಸ ಶುರು, ದಸರೆಗೆ ಕೋಣೆ ತೆರೆಯುವ ಅವಸರ. ಒದ್ದೆ ಗೋಡೆಗೆ ಸಿಮೆಂಟ್, ಅದರ ಮೇಲೆ ಪೇಂಟ್, ಮಹಡಿಯಲ್ಲಿ ಕೋಣೆಗೊಂದು ಬಾತ್‌ರೂಮ್. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪೇಂಟ್ ಉಬ್ಬಿ ಉದುರುತ್ತದೆ, ಕೆಳಗಿನ ಅಂಗಡಿಯ ಸೂರು ತೊಟ್ಟಿಕ್ಕುತ್ತದೆ, ತೊಲೆಯ ತುದಿ ಮೆತ್ತಗಾಗುತ್ತದೆ.

ಇದಕ್ಕೆ ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ. ತಪ್ಪುವುದು ಕ್ರಮ. ಮೊದಲು ನೀರು ನಿಲ್ಲಿಸಬೇಕು. ಆಮೇಲೆ ಮರ, ಆಮೇಲೆ ತಾರಸಿ, ಆಮೇಲೆ ಗೋಡೆ. ಬಾತ್‌ರೂಮು, ವೈರು, ಬಣ್ಣ ಎಲ್ಲ ಅದರ ನಂತರ. ಈ ಕ್ರಮ ಹಿಂದೆ ಮುಂದೆ ಆದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಡುತ್ತೀರಿ.

ಇಲ್ಲಿ ಬರೆದಿರುವುದು ಇಟ್ಟಿಗೆ ಗೋಡೆ, ಸುಣ್ಣದ ಅಥವಾ ಮಣ್ಣಿನ ಗಾರೆ, ಮರದ ತೊಲೆ, ಮೇಲೆ ಮದ್ರಾಸ್ ತಾರಸಿ (ಮರದ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿದ ತಾರಸಿ) ಇಲ್ಲವೇ ಮಂಗಳೂರು ಹೆಂಚು ಇರುವ ಕಟ್ಟಡಗಳಿಗೆ. ಕಾಂಕ್ರೀಟ್ ಕಟ್ಟಡಕ್ಕೆ ಇದು ಹೊಂದುವುದಿಲ್ಲ.

## ಹಂತ 1: ಕಾಗದ ಪತ್ರ

ಖಾತೆ, ಇಸಿ (ಋಣಭಾರ ಪತ್ರ), ಮೂಲ ಪತ್ರ, ವಂಶವೃಕ್ಷ. ಪೇಟೆಯ ಹಳೇ ಆಸ್ತಿಗಳಲ್ಲಿ ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇರುವುದು ಜಾಸ್ತಿ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಅಕ್ಕ ತಂಗಿಯರು, ಅತ್ತೆಯಂದಿರು ಎಲ್ಲರ ಒಪ್ಪಿಗೆ ಬರವಣಿಗೆಯಲ್ಲಿ ಇಲ್ಲದಿದ್ದರೆ ಸೂರು ಬಿಚ್ಚಿದ ಮೇಲೆ ತಡೆಯಾಜ್ಞೆ ಬರಬಹುದು. ಅರ್ಧ ಬಿಚ್ಚಿದ ಸೂರಿನ ಮೇಲೆ ಒಂದು ಮಳೆಗಾಲ ಹೋದರೆ ಆ ಕಟ್ಟಡದ ಕಥೆ ಮುಗಿದ ಹಾಗೆ.

ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದೆಯೇ ಅಂತ ಪಾಲಿಕೆಯಲ್ಲೂ, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯಲ್ಲೂ ಕೇಳಿ. ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಪಟ್ಟಿಯಲ್ಲಿದ್ದರೆ ಮುಂಭಾಗ ಬದಲಿಸುವ ಮೊದಲು ಒಪ್ಪಿಗೆ ಬೇಕು. ಕಟ್ಟಡ ಶ್ರೀರಂಗಪಟ್ಟಣದಂಥ ಊರಿನಲ್ಲಿದ್ದರೆ ಇನ್ನೊಂದು ವಿಷಯ ಇದೆ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅಲ್ಲಿಂದಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ.

ಹೋಂಸ್ಟೇ ಅಂತ ನೋಂದಾಯಿಸಲು ಮಾಲೀಕರ ಮನೆಯವರು ಅಲ್ಲೇ ವಾಸ ಇರಬೇಕು. ನೀವು ಬೇರೆ ಬಡಾವಣೆಯಲ್ಲಿದ್ದುಕೊಂಡು ಕೋಣೆ ಬಾಡಿಗೆಗೆ ಕೊಡುವುದಾದರೆ ಅದು ಲಾಡ್ಜಿಂಗ್, ಅದಕ್ಕೆ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು. ಯಾವುದು ಅನ್ನುವುದನ್ನು ಈಗಲೇ ತೀರ್ಮಾನಿಸಿ. ಕೋಣೆಗಳ ಸಂಖ್ಯೆ, ಮೆಟ್ಟಿಲು, ಬೆಂಕಿಯ ಏರ್ಪಾಡು ಎಲ್ಲ ಇದನ್ನೇ ಅವಲಂಬಿಸಿವೆ.

## ಹಂತ 2: ಒಂದು ಮಳೆಗಾಲ ಸುಮ್ನೆ ನೋಡಿ

ಜನ ಹಾರಿಸಿಬಿಡುವುದು ಈ ಹಂತವನ್ನೇ. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಒಣಗಿಯೇ ಕಾಣುತ್ತದೆ. ನೀರು ಎಲ್ಲಿಂದ ಬರುತ್ತದೆ ಅನ್ನುವುದು ಮಳೆ ಸುರಿಯುವಾಗ ಟಾರ್ಚ್ ಹಿಡಿದು ಅಟ್ಟ ಹತ್ತಿದರೆ ಮಾತ್ರ ಗೊತ್ತಾಗುವುದು.

ಬೇಕಾದ ಸಾಮಾನು ತುಂಬಾ ಇಲ್ಲ. ಟಾರ್ಚ್, ಟೇಪು, ತೂಗುಗುಂಡು, ಲೆವೆಲ್ ಪೈಪ್, ಒಂದು ದಬ್ಬಳ, ಸೀಮೆಸುಣ್ಣ, ತೆಳು ಗಾಜಿನ ಪಟ್ಟಿಗಳು, ಒಂದು ನೋಟ್‌ಬುಕ್.

ಬಿರುಕು ಕಂಡಲ್ಲಿ ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಕದಲುತ್ತಿದೆ ಅಂತ ಅರ್ಥ. ಮಳೆಗಾಲ ದಾಟಿಯೂ ಗಾಜು ಹಾಗೇ ಇದ್ದರೆ ಅದು ಹಳೇ ಬಿರುಕು, ಸುಣ್ಣದ ಗಾರೆ ತುಂಬಿದರೆ ಸಾಕು. ಕದಲುವ ಬಿರುಕನ್ನು ಎಷ್ಟು ಸಲ ಮುಚ್ಚಿದರೂ ಅದು ಮತ್ತೆ ಬಾಯಿ ಬಿಡುತ್ತದೆ. ಮುಚ್ಚಿ ಹಾಕಿದರೆ ಕಣ್ಣಿಗೆ ಕಾಣದ ಹಾಗೆ ಬೆಳೆಯುತ್ತದೆ.

ಗಾರೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಡಬಡಬ ಅಂದ ಕಡೆ ಒಳಗೆ ಟೊಳ್ಳು. ಅಲ್ಲಿ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆಯಿರಿ. ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ದಬ್ಬಳ ಚುಚ್ಚಿ ನೋಡಿ. ಒಳ್ಳೆ ತೇಗ ಮೊನೆಯನ್ನೂ ಒಳಗೆ ಬಿಡುವುದಿಲ್ಲ. ದಬ್ಬಳ ಒಂದು ಬೆರಳಿನಷ್ಟು ಸಲೀಸಾಗಿ ಇಳಿದು, ಎಳೆದಾಗ ತುದಿಗೆ ಕಂದು ಪುಡಿ ಅಂಟಿಕೊಂಡು ಬಂದರೆ ಆ ತುದಿ ಸತ್ತಿದೆ. ತೊಲೆಯ ನಡುಭಾಗ ಹೊಳೆಯುತ್ತಾ ಗಟ್ಟಿಯಾಗಿರುತ್ತದೆ, ಜನ ಅದನ್ನೇ ನೋಡಿ ಸಮಾಧಾನ ಪಡುತ್ತಾರೆ. ಮರ ಕೆಡುವುದು ಹೆಚ್ಚಾಗಿ ಗೋಡೆಯೊಳಗೆ ಹೂತ ತುದಿಯಿಂದ.

ಇಷ್ಟು ಕಂಡರೆ ಕಾಯುವ ಪ್ರಶ್ನೆಯೇ ಇಲ್ಲ, ಜನರನ್ನು ಹೊರಗೆ ಕಳಿಸಿ ಇಂಜಿನಿಯರನ್ನು ಕರೆಸಿ:

- ಗೋಡೆಯ ಹೊಟ್ಟೆ ಹೊರಗೆ ಉಬ್ಬಿದೆ, ತೂಗುಗುಂಡು ಬಿಟ್ಟರೆ ಮಧ್ಯದಲ್ಲಿ ತಾಗುತ್ತದೆ
- ನಿನ್ನೆವರೆಗೆ ಸರಾಗ ಮುಚ್ಚುತ್ತಿದ್ದ ಬಾಗಿಲು ಇವತ್ತು ಬಿಗಿಯಾಗಿದೆ
- ಸೂರಿನಿಂದ ಸಣ್ಣ ಇಟ್ಟಿಗೆ ಚೂರು, ಸುಣ್ಣದ ಪುಡಿ ದಿನಾ ಬೀಳುತ್ತಿದೆ
- ಕಮಾನಿನ ತಲೆಯ ಮೇಲೆ ಹೊಸ ಬಿರುಕು ಮೂಡಿದೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ಜೀವಗಳು ಹೋದವು. ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆ ಕುಸಿದದ್ದು 2016ರ ಆಗಸ್ಟ್‌ನಲ್ಲಿ. ಎರಡೂ ಮಳೆಗಾಲದಲ್ಲಿ ಆದದ್ದು. ಎರಡೂ ಅಂಗಡಿ ಸಾಲಿದ್ದ ಕಟ್ಟಡಗಳು.

ಇಂಜಿನಿಯರ್ ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಸುಣ್ಣದ ಗಾರೆಯ ಗೋಡೆಯ ಮೇಲೆ ಮೊದಲು ಕೆಲಸ ಮಾಡಿದ್ದೀರಾ? ನೋಡಿದ ತಕ್ಷಣ "ಒಡೆದು ಕಟ್ಟೋದೇ ವಾಸಿ" ಅಂದರೆ ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳಿ.

## ಹಂತ 3: ಯಾವ ಅಂಗಡಿ ಎಲ್ಲಿ, ಯಾವ ಕೋಣೆ ಎಲ್ಲಿ

ಮೊದಲು ಹಳೇ ಬಾಡಿಗೆದಾರರ ಜೊತೆ ಕೂತು ಮಾತಾಡಿ. ಎಷ್ಟೋ ವರ್ಷದಿಂದ ಅಲ್ಲೇ ಇರುವ ಟೈಲರ್, ಕಾಫಿಪುಡಿ ಅಂಗಡಿ, ಊದುಬತ್ತಿ ಅಂಗಡಿಯವರೇ ಆ ಕಟ್ಟಡಕ್ಕೆ ಜೀವ. ಮೇಲೆ ಉಳಿಯುವ ಅತಿಥಿಗೂ ಅದೇ ಬೇಕು. ಕೆಲಸ ಮುಗಿದ ಮೇಲೆ ಅದೇ ಜಾಗ ವಾಪಸ್ ಸಿಗುತ್ತದೆ ಅಂತ ಬರೆದು ಕೊಡಿ, ಬಾಡಿಗೆ ಎಷ್ಟು ಅಂತಲೂ ಅದರಲ್ಲೇ ಬರೆಯಿರಿ. ಸಾಧ್ಯವಾದರೆ ಹಿಂಭಾಗದ ಕೆಲಸ ಮೊದಲು ಮುಗಿಸಿ ಅವರನ್ನು ಅಲ್ಲಿಗೆ ಸರಿಸಿ, ಆಮೇಲೆ ಮುಂಭಾಗ ಹಿಡಿಯಿರಿ. ಅವರ ವ್ಯಾಪಾರ ನಿಲ್ಲಬಾರದು.

ಹಿಟ್ಟಿನ ಗಿರಣಿ, ವೆಲ್ಡಿಂಗ್, ಭಾರದ ಗೋದಾಮು ಇಂಥ ಕಟ್ಟಡಕ್ಕೆ ಬೇಡ. ಗಿರಣಿಯ ಅದುರು ಸುಣ್ಣದ ಗಾರೆಯನ್ನು ಸಡಿಲಿಸುತ್ತದೆ. ಹೋಟೆಲ್ ಅಡುಗೆಮನೆ ಇರಲೇಬೇಕೆಂದರೆ ಹಿತ್ತಲ ಕಡೆ ಇರಲಿ, ಮರದ ಸೂರಿನ ಕೆಳಗಂತೂ ಬೇಡವೇ ಬೇಡ.

ಅತಿಥಿಗಳಿಗೆ ಬೇರೆ ಬಾಗಿಲು, ಬೇರೆ ಮೆಟ್ಟಿಲು ಇಡಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವರು ಶಟರ್ ತಟ್ಟುವ ಹಾಗಿರಬಾರದು. ಶಟರ್ ಅಂದಾಗ ನೆನಪಾಯಿತು. ಅಂಗಡಿಗೆ ರೋಲಿಂಗ್ ಶಟರ್ ಕೂರಿಸಲು ಕಮಾನು ಕತ್ತರಿಸುವುದು, ಎರಡು ಬಾಗಿಲ ನಡುವಿನ ಗೋಡೆಗಂಬ ತೆಗೆಯುವುದು ಪೇಟೆಯಲ್ಲಿ ಮಾಮೂಲಾಗಿಬಿಟ್ಟಿದೆ. ಆ ಕಂಬದ ಮೇಲೆ ಮೇಲಿನ ಇಡೀ ಗೋಡೆ ಕೂತಿರುತ್ತದೆ. ಇರುವ ಬಾಗಿಲ ಅಳತೆಗೇ ಶಟರನ್ನು ಒಳಮೈಗೆ ಹಾಕಿಸಿ, ಇಲ್ಲವೇ ಹಳೇ ಹಲಗೆ ಬಾಗಿಲನ್ನೇ ಸರಿಮಾಡಿಸಿ.

## ಹಂತ 4: ನೀರು ನಿಲ್ಲಿಸಿ

ಮೂರು ಕಡೆಯಿಂದ ನೀರು ಬರುತ್ತದೆ. ಮೇಲಿನಿಂದ ಮಳೆ, ಕೆಳಗಿನಿಂದ ನೆಲದ ತೇವ, ಒಳಗಿನಿಂದ ಪೈಪು.

ತಾರಸಿಯ ಮೇಲೆ ಬೆಳೆದ ಅರಳಿ, ಆಲದ ಗಿಡ ಕೈಯಿಂದ ಕೀಳಬೇಡಿ. ಬೇರು ಗೋಡೆಯೊಳಗೆ ಹೋಗಿದ್ದರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ಬಾಯಿಗೆ ಕಳೆನಾಶಕ ಹಚ್ಚಿ, ಬೇರು ಪೂರ್ತಿ ಒಣಗಿದ ಮೇಲೆ ಬಿಡಿಸಿ, ಆ ಪೊಟರೆಗೆ ಸುಣ್ಣದ ಗಾರೆ ತುಂಬಿ. ತಾರಸಿಯ ನೀರು ಹೋಗುವ ಕಿಂಡಿಗಳನ್ನು ತೆರೆಯಿರಿ. ಒಡೆದ ಹೆಂಚು ಬದಲಿಸಿ, ಹೆಂಚಿನ ಕೆಳಗಿನ ರೀಪು ಕೊಳೆತಿದ್ದರೆ ಅದನ್ನೂ ಬದಲಿಸಿ.

ಆಮೇಲೆ ಬೀದಿ ನೋಡಿ. ರಸ್ತೆಗೆ ಪದೇಪದೇ ಡಾಂಬರು ಹಾಕಿ ಹಾಕಿ ಮಟ್ಟ ಏರಿರುತ್ತದೆ. ಒಂದು ಕಾಲದಲ್ಲಿ ಮೂರು ಮೆಟ್ಟಿಲು ಇದ್ದ ಜಗುಲಿಗೆ ಈಗ ಒಂದೇ ಮೆಟ್ಟಿಲು ಉಳಿದಿರುತ್ತದೆ, ಅಲ್ವಾ? ಮಳೆ ನೀರು ನೇರ ಗೋಡೆಯ ಬುಡಕ್ಕೆ. ಗೋಡೆಯ ಉದ್ದಕ್ಕೂ ಜಲ್ಲಿ ತುಂಬಿದ ಸಣ್ಣ ಕಾಲುವೆ ತೋಡಿ, ಇಳಿಜಾರು ಕೊಟ್ಟು ಚರಂಡಿಗೆ ಸೇರಿಸಿ. ಕಟ್ಟಡದ ನಡುವಿನ ತೆರೆದ ತೊಟ್ಟಿಯ ನೀರು ಹೋಗುವ ದಾರಿ ಎಲ್ಲೋ ಕಟ್ಟಿಕೊಂಡಿರುತ್ತದೆ, ಅದನ್ನೂ ತೆರೆಸಿ.

ನೀರು ನಿಂತ ಮೇಲೆ ಗೋಡೆಗೆ ಒಣಗಲು ಸಮಯ ಕೊಡಿ. ದಪ್ಪ ಗೋಡೆ ವಾರದಲ್ಲಿ ಒಣಗುವುದಿಲ್ಲ, ತಿಂಗಳುಗಳೇ ಬೇಕು. ಆ ಹೊತ್ತಿನಲ್ಲಿ ಮುಂದಿನ ಎರಡು ಹಂತ ಮಾಡಬಹುದು.

## ಹಂತ 5: ತೊಲೆ ಮತ್ತು ಕಂಬ

ಜಾಕಿ, ಅಂದರೆ ತಾತ್ಕಾಲಿಕ ಆಧಾರದ ಕಂಬ, ಕೊಡದೆ ಒಂದು ಇಟ್ಟಿಗೆಯನ್ನೂ ಬಿಚ್ಚಬೇಡಿ. ಸ್ಟೀಲ್ ಜಾಕಿಗಳು ನೆಲದಿಂದ ಶುರುವಾಗಿ, ಮಹಡಿಯಲ್ಲೂ ಅದೇ ಜಾಗದ ಮೇಲೆ ನೇರವಾಗಿ ನಿಲ್ಲಬೇಕು. ಮೇಲಿನ ಜಾಕಿ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಇದ್ದರೆ ನಡುವಿನ ಸೂರಿನ ಮೇಲೆ ಭಾರ ಬಿದ್ದು ಅದೇ ಕುಸಿಯುತ್ತದೆ. ಜಾಕಿಯ ಕೆಳಗೂ ಮೇಲೂ ದಪ್ಪ ಹಲಗೆ ಇರಲಿ. ತಿರುಗಿಸುವಾಗ ತೊಲೆಗೆ ತಾಗಿ ಬಿಗಿಯಾದರೆ ಸಾಕು, ಜಗ್ಗಿದ ಸೂರನ್ನು ಒಂದೇ ದಿನದಲ್ಲಿ ಮೇಲೆತ್ತಲು ಹೋಗಬೇಡಿ.

ತುದಿ ಕೊಳೆತಿದ್ದರೆ ಇಡೀ ತೊಲೆ ಬಿಸಾಡಬೇಕಿಲ್ಲ. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಹೊಸ ತೇಗದ ತುಂಡನ್ನು ಓರೆ ಕೂಡಿಕೆಯಲ್ಲಿ ಸೇರಿಸಿ, ಎರಡೂ ಪಕ್ಕಕ್ಕೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಹಾಕುತ್ತಾರೆ. ಪಟ್ಟಿಯ ದಪ್ಪ, ಬೋಲ್ಟಿನ ಸಂಖ್ಯೆ ಇಂಜಿನಿಯರ್ ಹೇಳಬೇಕು. ಗೋಡೆಯಲ್ಲಿ ಕೂರಿಸುವಾಗ ತುದಿಯ ಕೆಳಗೆ ಚಪ್ಪಡಿ ಕಲ್ಲು ಇಡಿ, ಸುತ್ತ ಬೆರಳು ಹೋಗುವಷ್ಟು ಗಾಳಿಯ ಸಂದು ಬಿಡಿ. ಆ ಸಂದಿಗೆ ಸಿಮೆಂಟ್ ತುಂಬಿಬಿಟ್ಟರೆ ಮತ್ತೆ ಅದೇ ಕೊಳೆತ.

ಗೆದ್ದಲಿನ ಮಣ್ಣಿನ ಗೆರೆ ಒರೆಸಿ ಹಾಕಿ ಸುಮ್ಮನಾಗಬೇಡಿ. ಎಲ್ಲಿಂದ ಹತ್ತಿದೆ ಅಂತ ನೆಲದವರೆಗೆ ಹಿಂಬಾಲಿಸಿ, ಮದ್ದು ಅಲ್ಲಿಗೆ ಹಾಕಿಸಿ. ಗೆದ್ದಲು ಇರುವ ಕಡೆ ತೇವವೂ ಇರುತ್ತದೆ. ಹಂತ 4ರಲ್ಲಿ ಏನೋ ಬಿಟ್ಟುಹೋಗಿದೆ ಅಂತ ತಿಳಿಯಿರಿ.

## ಹಂತ 6: ತಾರಸಿ

ಮೈಸೂರಿನಲ್ಲಿ ಮೇ ತಿಂಗಳಿನಲ್ಲೇ ಜೋರು ಮಳೆ ಬರುತ್ತದೆ, ಅಕ್ಟೋಬರ್‌ವರೆಗೂ ನಂಬುವ ಹಾಗಿಲ್ಲ. ತಾರಸಿ ಬಿಚ್ಚುವ ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಮುಗಿಯಬೇಕು. ಇಡೀ ಕೆಲಸದ ಕ್ಯಾಲೆಂಡರನ್ನು ಈ ಮೂರು ತಿಂಗಳ ಸುತ್ತ ಹಾಕಿಕೊಳ್ಳಿ, ದಸರೆಯ ಸುತ್ತ ಅಲ್ಲ.

ಮದ್ರಾಸ್ ತಾರಸಿಯಲ್ಲಿ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸುಣ್ಣದಲ್ಲಿ ಜೋಡಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರ. ಸೋರುವುದು ಹೆಚ್ಚಾಗಿ ಮೇಲಿನ ಪದರದ ದೋಷದಿಂದ. ಹಾಗಾಗಿ ಇಟ್ಟಿಗೆ ಗಟ್ಟಿಯಿದ್ದರೆ ಜಲ್ಲಿ ಪದರ ಮಾತ್ರ ತೆಗೆದು ಹೊಸದಾಗಿ ಹಾಕಿ. ಇಟ್ಟಿಗೆಯನ್ನೇ ಬದಲಿಸಬೇಕಾದರೆ ಒಂದು ಅಂಕಣ (ಎರಡು ತೊಲೆಗಳ ನಡುವಿನ ಭಾಗ) ಮುಗಿಸಿ ಇನ್ನೊಂದಕ್ಕೆ ಹೋಗಿ.

ಹೊಸ ಪದರ ಸುಮಾರು 10 ಸೆಂಟಿಮೀಟರ್ ದಪ್ಪ ಇರುತ್ತದೆ. ಅದನ್ನು ಹರಡಿ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು, ನಡುನಡುವೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ. ಕೊಡತಿ ಬಿದ್ದ ಕಡೆ ಗುರುತು ಮೂಡದೆ ಪುಟಿದು ಬರಲು ಶುರುವಾದರೆ ಪದರ ಕೂತಿದೆ. ಈ ಬಡಿಯುವ ಕೆಲಸದಲ್ಲೇ ಕೂಲಿ ಉಳಿಸಲು ನೋಡುತ್ತಾರೆ. ಸರಿಯಾಗಿ ಬಡಿಯದ ಪದರ ಮೊದಲ ಮಳೆಗೇ ಸೋರುತ್ತದೆ.

"ಇದೆಲ್ಲ ಯಾಕೆ, ಮೇಲೊಂದು ಕಾಂಕ್ರೀಟ್ ಎಳೆದುಬಿಡೋಣ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಲೆಕ್ಕ ಹಾಕಿ. 10 ಸೆಂಟಿಮೀಟರ್ ಕಾಂಕ್ರೀಟ್ ಅಂದರೆ ಚದರ ಮೀಟರಿಗೆ 250 ಕೆಜಿ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಕೋಣೆಯ ಮೇಲೆ ಮೂರು ಟನ್. ಹಳೇ ಪದರದ ಭಾರ ಬೇರೆ. ಜಂತೆ ಅದಕ್ಕೆಂದು ಕೂರಿಸಿದ್ದಲ್ಲ. ಮೇಲಾಗಿ ಕಾಂಕ್ರೀಟಿನ ಕೆಳಗೆ ತೇವ ಸಿಕ್ಕಿಬಿದ್ದು ಮರ ಕೊಳೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

## ಹಂತ 7: ಗೋಡೆ

ಮೊಳೆಯಿಂದ ಗೀರಿ ನೋಡಿ. ಸುಣ್ಣದ ಗಾರೆ ಸುಲಭವಾಗಿ ಗೀರುತ್ತದೆ, ಸಿಮೆಂಟ್ ಗೀರುವುದಿಲ್ಲ. ಸಿಮೆಂಟ್ ಮೆತ್ತಿದ ಕಡೆ ಉಳಿ ಹಿಡಿದು ನಿಧಾನ ಬಿಡಿಸಿ, ಮೆಷಿನ್ ಬೇಡ. ಗೋಡೆ ನೀರು ಹೀರಿ, ಗಾರೆಯ ಮೂಲಕ ಹೊರಗೆ ಬಿಡಬೇಕು. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಆಗ ತೇವ ಇನ್ನೂ ಮೇಲಕ್ಕೆ ಏರುತ್ತದೆ, ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಇಟ್ಟಿಗೆ ಪುಡಿಯಾಗುತ್ತದೆ. ಪ್ಲಾಸ್ಟಿಕ್ ಪೇಂಟ್, ಪುಟ್ಟಿ, ವಾಟರ್‌ಪ್ರೂಫ್ ಲೇಪನ ಮಾಡುವುದೂ ಇದನ್ನೇ.

ಸುಣ್ಣ ಅರಳಿಸುವುದು ಅಪಾಯದ ಕೆಲಸ. ಸುಟ್ಟ ಸುಣ್ಣದ ಹರಳನ್ನು ನೀರಿಗೆ ಸ್ವಲ್ಪ ಸ್ವಲ್ಪ ಹಾಕಬೇಕು. ಹರಳಿನ ರಾಶಿಯ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಕಡ್ಡಾಯ. ಕಣ್ಣಿಗೆ ಬಿದ್ದರೆ ತುಂಬಾ ಹೊತ್ತು ನೀರಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಅರಳಿದ ಸುಣ್ಣ ನೀರಿನಡಿಯಲ್ಲಿ ಕೆಲವು ವಾರ ಕೂರಲಿ. ಎಷ್ಟು ದಿನ ಕೂತರೆ ಅಷ್ಟು ನುಣುಪು.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು. ತೇವ ಇರುವ ಕಡೆ ಮರಳಿನಲ್ಲಿ ಒಂದು ಪಾಲಿನ ಬದಲು ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಗೋಡೆಯ ಸಂದು ಕೆರೆದು, ಧೂಳು ತೆಗೆದು, ನೀರು ಚಿಮುಕಿಸಿ ಮೆತ್ತಿ. ಒಂದು ಪದರ 10ರಿಂದ 12 ಮಿಲಿಮೀಟರ್ ದಾಟಬಾರದು. ಮೊದಲ ಪದರ ಗಟ್ಟಿಯಾದ ಮೇಲೆ ಎರಡನೆಯದು. ಒದ್ದೆ ಗೋಣಿ ಇಳಿಬಿಟ್ಟು ವಾರಕ್ಕೂ ಹೆಚ್ಚು ದಿನ ನಿಧಾನವಾಗಿ ಆರಲು ಬಿಡಿ. ಕೂದಲೆಳೆಯ ಬಿರುಕು ಬಂದರೆ ಬೇಗ ಒಣಗಿದೆ ಅಂತ ಅರ್ಥ. ಕೊನೆಗೆ ಸುಣ್ಣದ ಬಣ್ಣ ಬಳಿಯಿರಿ. ಹತ್ತಾರು ಛಾಯೆ ಸಿಗುತ್ತವೆ, ಬೆಳಗಿನ ಬಿಸಿಲಿಗೆ ಅದರ ಕಳೆ ಯಾವ ಪ್ಲಾಸ್ಟಿಕ್ ಪೇಂಟಿಗೂ ಬರುವುದಿಲ್ಲ.

## ಹಂತ 8: ಬಾತ್‌ರೂಮು

ಹೆಚ್ಚು ಜನ ಸೋಲುವುದು ಇಲ್ಲೇ. ಅತಿಥಿಗೆ ಕೋಣೆಗೊಂದು ಬಾತ್‌ರೂಮು ಬೇಕು, ಸರಿ. ಆದರೆ ಮರದ ಸೂರಿನ ಮೇಲೆ ಗಾರೆ ಹಾಸಿ ಟೈಲ್ಸ್ ಕೂರಿಸಿ ನೀರು ಸುರಿದರೆ ಒಂದಲ್ಲ ಒಂದು ದಿನ ಸೋರುತ್ತದೆ. ಸೋರಿದ ನೀರು ತೊಲೆಗೆ ಹೋಗುತ್ತದೆ.

ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕೆಜಿ ಹೆಚ್ಚುವರಿ ಭಾರ ಅಂತ ಇಂಜಿನಿಯರ್‌ಗಳು ಲೆಕ್ಕ ಹಿಡಿಯುತ್ತಾರೆ. ಟೈಲ್ಸ್ ಮತ್ತು ಅದರ ಕೆಳಗಿನ ಗಾರೆಗೇ ನೂರು ಕೆಜಿ ಮೀರುತ್ತದೆ. ಅದಕ್ಕೆ ಅಡ್ಡಗೋಡೆ, ತುಂಬಿದ ಬಕೆಟ್ಟು, ಗೀಸರ್ ಸೇರಿಸಿ.

ಒಳ್ಳೆ ದಾರಿ ಎಂದರೆ ಹಿತ್ತಲ ಕಡೆ, ಹಳೇ ಗೋಡೆಗೆ ಒರಗದ ಹಾಗೆ, ತನ್ನದೇ ಪಾಯದ ಮೇಲೆ ನಿಂತ ಉಕ್ಕಿನ ಚೌಕಟ್ಟು. ಬಾತ್‌ರೂಮುಗಳನ್ನೆಲ್ಲ ಅದರಲ್ಲಿ ಒಂದರ ಮೇಲೊಂದು ಕೂರಿಸಿ, ಕೋಣೆಯಿಂದ ಬಾಗಿಲು ಕೊಡಿ. ಇದಕ್ಕೆ ಅನುಮತಿ ಬೇಕು, ಹಂತ 1ರಲ್ಲೇ ನಕ್ಷೆಗೆ ಸೇರಿಸಿ. ಹಿತ್ತಲು ಇಲ್ಲದಿದ್ದರೆ ಕೋಣೆಗಳ ಸಂಖ್ಯೆ ಕಡಿಮೆ ಮಾಡಿ. ಹಿಂದಿನ ಒಂದು ಅಂಕಣದ ಮರದ ಸೂರು ತೆಗೆದು, ಇಂಜಿನಿಯರ್ ಲೆಕ್ಕದ ಪ್ರಕಾರ ಅಲ್ಲಿ ಮಾತ್ರ ಬೇರೆ ಆಧಾರ ಕೊಟ್ಟು ಬಾತ್‌ರೂಮು ಮಾಡಿ. ಎಂಟು ಕೋಣೆ ಮಾಡಿ ಕಟ್ಟಡ ಕಳೆದುಕೊಳ್ಳುವುದಕ್ಕಿಂತ ನಾಲ್ಕು ಕೋಣೆ ಸಾಕು.

ಪೈಪುಗಳನ್ನು ಗೋಡೆ ಕೊರೆದು ಹೂಳಬೇಡಿ. ಹೊರಮೈಯಲ್ಲಿ ಕಾಣುವ ಹಾಗೇ ಇರಲಿ, ಸೋರಿದರೆ ಅವತ್ತೇ ಗೊತ್ತಾಗುತ್ತದೆ. ನೀರಿನ ಟ್ಯಾಂಕು ತಾರಸಿಯ ಮೇಲೆ ಇಡಲೇಬೇಡಿ. 1,000 ಲೀಟರ್ ಅಂದರೆ ಒಂದು ಟನ್. ನೆಲದಲ್ಲಿ ಸಂಪು, ಒತ್ತಡದ ಪಂಪು, ಇಲ್ಲವೇ ಅದೇ ಉಕ್ಕಿನ ಚೌಕಟ್ಟಿನ ಮೇಲೆ ಟ್ಯಾಂಕು.

ಟೈಲ್ಸ್ ಹಾಕುವ ಮೊದಲು ನೀರು ಹೋಗುವ ಕಿಂಡಿ ಮುಚ್ಚಿ, ನೆಲದಲ್ಲಿ ನೀರು ನಿಲ್ಲಿಸಿ, ಎರಡು ದಿನ ಕೆಳಗಿನಿಂದ ನೋಡಿ. ಒಂದು ಹನಿ ಕಂಡರೂ ಮುಂದಕ್ಕೆ ಹೋಗಬೇಡಿ.

## ಹಂತ 9: ವೈರಿಂಗ್ ಮತ್ತು ಬೆಂಕಿ

ಹಳೇ ವೈರು ಪೂರ್ತಿ ತೆಗೆಯಿರಿ, ಒಂದು ತುಂಡೂ ಉಳಿಸಬೇಡಿ. ಹೊಸದನ್ನು ಗೋಡೆಯ ಮೇಲ್ಮೈಯಲ್ಲೇ ಲೋಹದ ಪೈಪಿನಲ್ಲಿ ಎಳೆಯಿರಿ. ಅಂಗಡಿಗಳಿಗೆ, ಕೋಣೆಗಳಿಗೆ ಬೇರೆ ಬೇರೆ ಮೀಟರು. ಪ್ರತಿ ಕೋಣೆಯ ಲೈನಿಗೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು. ಎಸಿಯ ಹೊರಘಟಕವನ್ನು ಮುಂಭಾಗದ ಗೋಡೆಗೆ ತೂಗುಹಾಕಬೇಡಿ. ಭಾರದ ಜೊತೆ ಅದರ ನೀರೂ ಗೋಡೆಗೆ ಇಳಿಯುತ್ತದೆ.

ಮರದ ಕಟ್ಟಡದಲ್ಲಿ ಕೆಳಗೆ ಬಟ್ಟೆ ಅಂಗಡಿ, ಮೇಲೆ ಮಲಗಿರುವ ಜನ. ಆದ್ದರಿಂದ ಅತಿಥಿಗಳಿಗೆ ಇಳಿಯಲು ಎರಡು ದಾರಿ ಇರಲೇಬೇಕು. ಅಂಗಡಿಯಲ್ಲೂ ಮಹಡಿಯಲ್ಲೂ ಹೊಗೆ ಅಲಾರಂ ಹಾಕಿ, ಕೆಳಗೆ ಹೊಗೆ ಎದ್ದರೆ ಮೇಲೂ ಕೂಗುವ ಹಾಗೆ ಎರಡನ್ನೂ ಜೋಡಿಸಿ. ಮೆಟ್ಟಿಲ ಕೆಳಗೆ ರಟ್ಟಿನ ಪೆಟ್ಟಿಗೆ, ಸಿಲಿಂಡರ್ ಪೇರಿಸಬಾರದು ಅಂತ ಅಂಗಡಿಯವರ ಕರಾರಿನಲ್ಲೇ ಬರೆಸಿ. ಅಗ್ನಿಶಾಮಕ ಇಲಾಖೆಯವರನ್ನು ಕೆಲಸ ಮುಗಿದ ಮೇಲಲ್ಲ, ನಕ್ಷೆಯ ಹಂತದಲ್ಲೇ ಕಾಣಿ.

## ಹಂತ 10: ತೆರೆಯುವಾಗ ಮತ್ತು ಮೊದಲ ಮಳೆಗಾಲ

ಉದ್ದಿಮೆ ಪರವಾನಗಿ, ತಿಂಡಿ ಕೊಡುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಅತಿಥಿಗಳ ಗುರುತಿನ ಚೀಟಿಯ ದಾಖಲೆ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಬೇಕು, ಇದು ಹೋಂಸ್ಟೇಗೂ ಅನ್ವಯಿಸುತ್ತದೆ.

ಅಂಗಡಿಗಳನ್ನು ಮೊದಲು ತೆರೆಯಿರಿ. ಕೋಣೆಗಳನ್ನು ಒಂದು ಮಳೆಗಾಲ ಖಾಲಿ ಬಿಟ್ಟು ನೋಡುವ ಶಕ್ತಿ ಇದ್ದರೆ ಹಾಗೇ ಮಾಡಿ. ಆಗದಿದ್ದರೆ ಮೇಲ್ಮಹಡಿಯ ಒಂದು ಕೋಣೆಯನ್ನಾದರೂ ಬಾಡಿಗೆಗೆ ಕೊಡಬೇಡಿ. ಮಳೆಯಲ್ಲಿ ಸೂರಿನ ಕೆಳಗೆ ನಿಂತು ನೋಡಲು ಆ ಕೋಣೆ ನಿಮಗೇ ಬೇಕು.

ಪ್ರತಿ ಏಪ್ರಿಲ್‌ನಲ್ಲಿ ತಾರಸಿಯ ಕಿಂಡಿ, ಹೆಂಚು, ಚರಂಡಿ ನೋಡಿಸಿ. ಪ್ರತಿ ನವೆಂಬರ್‌ನಲ್ಲಿ ತೊಲೆಯ ತುದಿಗಳಿಗೆ ದಬ್ಬಳ, ಬಿರುಕಿನ ಗಾಜುಪಟ್ಟಿಗಳ ತಪಾಸಣೆ. ಸುಣ್ಣದ ಬಣ್ಣ ಮಾಸಿದ ಕಡೆ ಅಷ್ಟಕ್ಕೆ ಮಾತ್ರ ಮತ್ತೆ ಬಳಿಯಿರಿ. ಇದಕ್ಕೆ ಬಾಡಿಗೆಯಲ್ಲಿ ಒಂದು ಪಾಲನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕುತ್ತಾ ಬನ್ನಿ. ಆ ಖಾತೆಯ ಪಾಸ್‌ಬುಕ್ಕನ್ನು ಗಾಜುಪಟ್ಟಿಯ ತಾರೀಕುಗಳಿರುವ ನೋಟ್‌ಬುಕ್ಕಿನ ಜೊತೆಗೇ ಇಡಿ. ಮುಂದೆ ಯಾರು ಕಟ್ಟಡ ನೋಡಿಕೊಂಡರೂ ಅವರಿಗೆ ಇವೆರಡೂ ಬೇಕಾಗುತ್ತವೆ.